ಚಿಕಿತ್ಸೆ ಮುಗಿದಿದೆ ಎಂಬ ಸಂದೇಶ

ಸಾಫ್ಟ್‌ವೇರ್ ಎಂಜಿನಿಯರಿಂಗ್ ಕಲಿಸುವವರಿಗೆ ನಾವು ಇಟ್ಟ ಹೆಸರು ಬಾಣದ ಮೇಷ್ಟ್ರು. ಬೋರ್ಡಿನ ತುಂಬ ಡಬ್ಬಿ ಬರೆದು ಬಾಣ ಎಳೆಯುವುದೆಂದರೆ ಅವರಿಗೆ ಊಟಕ್ಕಿಂತ ಇಷ್ಟ. ಯಾವ ಕೆಲಸಕ್ಕೂ ಒಂದು ಕೊನೆಯ ಡಬ್ಬಿ ಇರಲೇಬೇಕು, ಇಲ್ಲದಿದ್ದರೆ ಅಂಕ ಕಟ್ ಎನ್ನುತ್ತಿದ್ದರು. ಹಾಗಾಗಿ ನನ್ನ ಪ್ರಾಜೆಕ್ಟಿನಲ್ಲೂ ಒಂದು ಇಟ್ಟೆ.

ಪ್ರಾಜೆಕ್ಟಿಗೆ ನಿಜವಾದ ಗ್ರಾಹಕರು ಬೇಕಿತ್ತು. ನನ್ನ ಚಿಕ್ಕಮ್ಮ ಡಯಾಲಿಸಿಸ್ ವಾರ್ಡಿನಲ್ಲಿ ನರ್ಸು. ರೋಗಿಗಳಿಗೆ ಅವರವರ ಸರದಿ ನೆನಪಿಸುವ ಸಂದೇಶ ತಾನಾಗಿಯೇ ಹೋಗುವಂತೆ ಮಾಡಿಕೊಡುತ್ತೇನೆಂದು ಅವಳ ಬೆನ್ನು ಬಿದ್ದೆ. ಅವಳು ಡಾಕ್ಟರನ್ನು ಒಪ್ಪಿಸಿ ಫೋನ್ ನಂಬರುಗಳನ್ನು ಕೊಟ್ಟಳು. ಪರೀಕ್ಷಿಸುವಾಗ ಸುಳ್ಳು ನಂಬರು ಹಾಕಿ ಎಂದು ಮೇಷ್ಟ್ರು ತಲೆ ಚಚ್ಚಿಕೊಂಡು ಹೇಳಿದ್ದರು. ಹಾಕಿದ್ದೇನೆಂದೇ ನಂಬಿದ್ದೆ. ನಿನ್ನೆ ಸಂಜೆ ಲ್ಯಾಬಿನಲ್ಲಿ ಕೊನೆಯ ಡಬ್ಬಿಯನ್ನು ಪರೀಕ್ಷಿಸಿದೆ. ಎಲ್ಲವೂ ಸರಿಯಿದೆ ಎಂದು ಪರದೆ ಹಸಿರಾಯಿತು. ಜಗತ್ತನ್ನೇ ಗೆದ್ದವಳಂತೆ ಮನೆಗೆ ಹೋಗಿ ಗಡದ್ದಾಗಿ ನಿದ್ದೆ ಹೊಡೆದೆ.

ಬೆಳಿಗ್ಗೆ ತರಗತಿಗೆ ಕಾಲಿಡುವಷ್ಟರಲ್ಲಿ ಚಿಕ್ಕಮ್ಮನ ಫೋನು.

“ಏನೇ ಕಳಿಸಿದ್ದೀಯ ನಮ್ಮ ರೋಗಿಗಳಿಗೆಲ್ಲ? ‘ನಿಮ್ಮ ಚಿಕಿತ್ಸೆ ಮುಗಿದಿದೆ, ಇನ್ನು ಬರಬೇಕಾಗಿಲ್ಲ’ ಅಂತೆ. ಇದನ್ನ ಬರೆದಿದ್ದು ಯಾರು?”

“ಪರೀಕ್ಷೆಗೆ ಅಂತ ಬರೆದಿದ್ದು ಚಿಕ್ಕಮ್ಮ. ಕೊನೆ ಅಂತ ಒಂದು ಇರ್ಬೇಕಲ್ಲ...”

“ನಮ್ಮಲ್ಲಿ ಕೊನೆ ಇಲ್ಲ ಕಣೇ. ಇವರೆಲ್ಲ ಜೀವ ಇರೋವರೆಗೂ ಬರ್ಬೇಕಾದವರು.” ಅವಳ ದನಿ ತಗ್ಗಿತು. “ಎಲ್ಲರಿಗೂ ಫೋನ್ ಮಾಡಿ ಹೇಳಿದೆ. ದರ್ಜಿಯೊಬ್ಬರು ಮಾತ್ರ ಎತ್ತುತ್ತಾ ಇಲ್ಲ. ಬೆಳಿಗ್ಗೆ ಅವರ ಸರದಿ ಇತ್ತು, ಬಂದಿಲ್ಲ. ಅಂಗಡಿ ನಿನ್ನ ಕಾಲೇಜಿನ ಹಿಂದಿನ ಬೀದೀಲೇ ಇದೆ, ಓಡು. ಅಳೆದು ನೀರು ಕುಡಿಯೋ ಮನುಷ್ಯ ಅವರು. ಮುಗೀತು ಅಂತ ನಂಬಿ ಕುಡಿದುಬಿಟ್ಟಿದ್ರೆ ಮೈಯಲ್ಲೇ ನಿಲ್ಲುತ್ತೆ. ಉಸಿರು ಕಟ್ಟುತ್ತೆ.”

ಓಡಿದೆ. ಹೆದರಿಕೆ ಎಂದರೆ ಪರೀಕ್ಷೆಯ ದಿನದ ಹೊಟ್ಟೆನೋವು ಎಂದುಕೊಂಡಿದ್ದವಳು ನಾನು. ಇದು ಬೇರೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುವವರು ಇನ್ಯಾರೋ. ಒಬ್ಬ ಮನುಷ್ಯನನ್ನು ಕೊಂದುಬಿಟ್ಟೆನೇ ಎಂಬ ಮಾತು ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಅದರ ಪಕ್ಕದಲ್ಲೇ, ಯಾರಿಗೂ ಗೊತ್ತಾಗದಿದ್ದರೆ ಸಾಕು ಎಂಬ ಹಾಳು ಯೋಚನೆಯೂ ಕೂತಿತ್ತು.

ಅಂಗಡಿಯ ಷಟರನ್ನು ಅರ್ಧ ಕೆಳಗೆ ಎಳೆದಿದ್ದರು. ಒಳಗೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಬಗ್ಗಿ ಒಳಹೊಕ್ಕೆ.

ದರ್ಜಿ ಹೊಲಿಗೆ ಯಂತ್ರಕ್ಕೆ ಒರಗಿ ಕೂತಿದ್ದರು. ಬದುಕಿದ್ದರು. ಆದರೆ ಮುಖ ಊದಿಕೊಂಡು ಕಣ್ಣು ಸಣ್ಣಗಾಗಿದ್ದವು. ಬಟ್ಟೆ ರಾಶಿಯಡಿ ಹೂತುಹೋದ ಫೋನನ್ನು ಹುಡುಕುವ ತ್ರಾಣ ಅವರಿಗಿರಲಿಲ್ಲ. ಕೈಯಲ್ಲಿ ಲೋಟ, ಪಕ್ಕದಲ್ಲಿ ಹೆಚ್ಚುಕಮ್ಮಿ ಖಾಲಿಯಾದ ನೀರಿನ ಜಗ್ಗು.

“ಬಾ ಮಗಳೇ, ಅಳತೆ ಕೊಡೋಕಾ?” ಎಂದರು, ಮಧ್ಯೆ ಎರಡು ಸಲ ಉಸಿರೆಳೆದುಕೊಂಡು. “ಸ್ವಲ್ಪ ಸುಸ್ತು, ಅಷ್ಟೆ. ನಾಲ್ಕು ವರ್ಷ ಆದ್ಮೇಲೆ ಹೊಟ್ಟೆ ತುಂಬ ನೀರು ಕುಡಿದೆ ನೋಡು. ನನಗೆ ವಾಸಿ ಆಯ್ತಂತೆ. ನಿನ್ನೇನೇ ಮಗಳಿಗೂ ಹೇಳ್ಬಿಟ್ಟೆ.”

ಕಂಪ್ಯೂಟರಿನ ತಪ್ಪು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಆ ಸಂದೇಶ ಕಳಿಸಿದ್ದು ನಾನು, ಅಂಕಲ್. ತಪ್ಪಾಗಿ ಹೋಯ್ತು. ನಿಮಗೆ ವಾಸಿ ಆಗಿಲ್ಲ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು.”

ಬೈಗುಳಕ್ಕೆ ಕಾದು ನಿಂತೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಲೋಟದಲ್ಲಿ ಉಳಿದಿದ್ದ ನೀರನ್ನು ನೋಡಿದರು. ಆಮೇಲೆ ಒಂದು ಹನಿಯೂ ಚೆಲ್ಲದಂತೆ ಅದನ್ನು ಜಗ್ಗಿಗೆ ವಾಪಸು ಸುರಿದರು.

ಬಟ್ಟೆ ಕೆದಕಿ ಅವರ ಫೋನ್ ಹುಡುಕಿಕೊಟ್ಟೆ, ಚಿಕ್ಕಮ್ಮನಿಗೆ ಕರೆ ಮಾಡಿ ಹೇಳಿದೆ, ಬಾಡಿಗೆ ಕಾರು ಹಿಡಿದೆ. ಒಂದೊಂದು ಉಸಿರಿಗೂ ಅವರ ಭುಜ ಮೇಲೇಳುತ್ತಿತ್ತು. ಮುಂದಿನದು ಬರುವವರೆಗೆ ನನ್ನದು ನಿಲ್ಲುತ್ತಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಚಿಕ್ಕಮ್ಮ ಸ್ಟ್ರೆಚರ್ ಹಿಡಿದು ನಿಂತಿದ್ದಳು. ನನ್ನ ಮುಖ ನೋಡಲಿಲ್ಲ.

ಮಲಗಿಸುವಾಗ ದರ್ಜಿ ತಮ್ಮ ಫೋನನ್ನು ನನ್ನ ಕೈಗಿಟ್ಟರು.

“ಮಗಳಿಗೆ ನೀನೇ ಹೇಳಮ್ಮ. ನನ್ನ ಕೈಲಿ ಆಗಲ್ಲ.”

ಅವರನ್ನು ಒಳಗೆ ತಳ್ಳಿಕೊಂಡು ಹೋದರು. ಮಗಳ ನಂಬರು ಒತ್ತಿದೆ. ತಕ್ಷಣ ಎತ್ತಿದಳು. ನಾನು ಬಾಯಿ ತೆರೆಯುವ ಮೊದಲೇ ನಗುತ್ತಾ ಕೇಳಿದಳು:

“ಅಪ್ಪಾ, ಇನ್ನೂ ನೀರು ಕುಡೀತಾನೇ ಇದ್ದೀಯಾ?”