ಗೇಟಿನವನ ನಿದ್ದೆ

"ಏಳೋ ಬೇವರ್ಸಿ, ಇದೆಂತ ನಿನ್ನ ಅಪ್ಪನ ಮನೆಯಾ?"

ಬೂಟುಗಾಲು ಪಕ್ಕೆಗೆ ತಾಗಿದಾಗಲೇ ನೋಣಯ್ಯನಿಗೆ ಎಚ್ಚರವಾದದ್ದು. ಕಣ್ಣು ಬಿಟ್ಟರೆ ಮಿಜಾರಿನ ಕಾಲೇಜಿನ ತಣ್ಣಗಿನ ಹಾಲ್, ಚಾಪೆಗಳ ಮೇಲೆ ಎದ್ದು ಕೂತ ಅಡುಗೆಯವರು, ಗುಡಿಸುವವರು, ಪಕ್ಕದಲ್ಲೇ ನಿಂತ ಮ್ಯಾನೇಜರ್ ದೇವಿಪ್ರಸಾದ್. ಗೋಡೆಯ ಬ್ಯಾನರಿನಲ್ಲಿ ದಪ್ಪಕ್ಷರ: 'ಒಳ್ಳೆಯ ನಿದ್ದೆ, ಗಟ್ಟಿ ಮನಸ್ಸು'. ಕೆಲಸದವರಿಗೆ ಪುಕ್ಕಟೆ ತರಬೇತಿ. ಬಾರದವರಿಗೆ ಆ ದಿನದ ಸಂಬಳ ಇಲ್ಲ.

ನೋಣಯ್ಯ ಗೇಟಿನವನು. ಹಗಲಿನ ವಾಚ್‌ಮನ್ ಬಿಟ್ಟುಹೋದ ಮೇಲೆ ರಾತ್ರಿಯ ಗೇಟೂ ಅವನದೇ, ಹಗಲಿನ ಗೇಟೂ ಅವನದೇ. ಬೇರೆ ಜನ ಸಿಗುವವರೆಗೆ ಅಂದಿದ್ದರು. ಹುಡುಕಿದರೆ ತಾನೆ ಸಿಗುವುದು. ಬಿಟ್ಟು ಹೋಗುವ ಹಾಗೂ ಇಲ್ಲ. ಅವನು ಗೇಟಿನಲ್ಲಿದ್ದಾನೆಂದೇ ಮಗಳು ಪ್ರಾಪ್ತಿಗೆ ಇಲ್ಲಿ ಫೀಸಿಲ್ಲದ ಸೀಟು. ಭಾನುವಾರ ಮನೆಗೆ ಹೋಗಿ ಬೆನ್ನು ಚಾಚಿದರೆ ರಸ್ತೆಯಲ್ಲಿ ಯಾವುದೋ ಲಾರಿ ಹಾರ್ನ್ ಹಾಕುತ್ತಿತ್ತು. ಇವನು ಕಣ್ಣು ಮುಚ್ಚಿಕೊಂಡೇ ಎದ್ದು, ಮನೆಯ ಬಾಗಿಲು ತೆರೆದು, ಹೊಸಿಲಲ್ಲಿ ಸೆಲ್ಯೂಟ್ ಹೊಡೆದು ನಿಲ್ಲುತ್ತಿದ್ದ. ಹೆಂಡತಿ ಮೊದಮೊದಲು ನಕ್ಕಳು, ಆಮೇಲೆ ಅತ್ತಳು.

ನಿದ್ದೆ ಯಾಕೆ ಬರುವುದಿಲ್ಲ ಎಂದು ತರಬೇತಿಯ ಶ್ರೀಪ್ರಿಯಾ ಮೇಡಂ ಕೇಳಿದಾಗ ಅವನು ಇದನ್ನೇ ಹೇಳಿದ್ದ. ಹಾಲ್ ಇಡೀ ನಕ್ಕಿತ್ತು. ಮೇಡಂ ಮಾತ್ರ ನಗದೆ ಹೇಳಿದ್ದರು: "ಶಬ್ದದ ಜೊತೆ ಜಗಳ ಬೇಡ. ಬರಲಿ, ಹೋಗಲಿ. ನೀವು ಏಳಬೇಡಿ. ಈಗ ಎಲ್ಲರೂ ಮಲಗಿ, ಯೋಗನಿದ್ರೆ ಮಾಡುವ."

ನೋಣಯ್ಯನ ಮನೆಮಾತು ತುಳುವಿನಲ್ಲಿ 'ಜೆಪ್ಪು' ಅಂದರೆ ಮಲಗುವುದೂ ಆಯಿತು, ನಿದ್ದೆಯೂ ಆಯಿತು. ಅದರ ಮೇಲೆ ಮೇಡಂ ಬಾಯಿಬಿಟ್ಟು ನಿದ್ರೆ ಎಂದೂ ಅಂದಿದ್ದರು. ಅವನು ನಿದ್ದೆ ಮಾಡಿದ.

"ಮೇಡಮ್ಮನೇ ಮಲಗಿ ಅಂದದ್ದು, ಧಣಿ."

"ಧಣಿ ಅಲ್ಲ, ಸರ್ ಅನ್ನು."

"ಯೋಗನಿದ್ರೆಯಲ್ಲಿ ಎಚ್ಚರ ಇರಬೇಕು," ಎಂದರು ಮೇಡಂ ಮೆಲ್ಲಗೆ. "ಆಮೇಲೆ ಹೇಳಿದ್ದೆನಲ್ಲ."

ಅವರು ಹೇಳುವಷ್ಟರಲ್ಲಿ ಇವನು ಗೊರಕೆ ಹೊಡೆಯುತ್ತಿದ್ದ.

"ಪ್ರಚಾರಕ್ಕೆ ಅಂತ ತೆಗೆದ ವಿಡಿಯೋ ಇಡೀ ನಿನ್ನ ಗೊರಕೆ, ರಂಡೆಮಗನೆ," ಎಂದ ದೇವಿಪ್ರಸಾದ್. "ನಿಮ್ಮಂಥವರನ್ನು ನನ್ನ ಅಜ್ಜ ಅಂಗಳಕ್ಕೂ ಹತ್ತಿಸ್ಲಿಲ್ಲ. ನಾವು ಎಸಿ ಹಾಲಲ್ಲಿ ಚಾಪೆ ಹಾಕಿ ಕೊಟ್ಟೆವಲ್ಲ, ನಮಗೆ ಬುದ್ಧಿ ಇಲ್ಲ."

"ಅವ ಸರಿ ಮಲಗದೆ ಎಷ್ಟು ದಿನ ಆಯ್ತು ಅಂತ ಕೇಳಿ ಸರ್," ಎಂದಳು ಅಡುಗೆಯ ರಾಫಿಯಾ.

"ನಿನಗೂ ಕೆಲಸ ಬಿಟ್ಟು ಮನೆಗೆ ಹೋಗ್ಲಿಕ್ಕೆ ಉಂಟಾ?"

ರಾಫಿಯಾ ತನ್ನ ಚಾಪೆ ಸುತ್ತತೊಡಗಿದಳು. ನೋಣಯ್ಯ ದೇವಿಪ್ರಸಾದನ ಬೂಟು ಹಿಡಿದುಕೊಂಡ.

"ತಪ್ಪಾಯ್ತು ಸರ್. ಮಗಳದ್ದು ಇನ್ನೊಂದು ವರ್ಷ ಉಂಟು. ಅದೊಂದು ಮುಗೀಲಿ. ಮತ್ತೆ ಸಾಯಿ ಅಂದ್ರೆ ಸಾಯ್ತೇನೆ."

"ಮಗಳನ್ನೂ ಕರ್ಕೊಂಡು ಹೋಗು. ಬೀಡಿ ಕಟ್ಲಿ. ಮೇಡಮ್ಮನ ಕಾರಿಗೆ ಗೇಟು ತೆಗೆದು, ಕೀ ಇಟ್ಟು ತೊಲಗು."

ನೋಣಯ್ಯ ಬಿಸಿಲಿಗೆ ಬಂದ. ಮೇಲಿನ ಕ್ಲಾಸುಗಳ ಕಿಟಕಿಗಳು ಮುಚ್ಚಿದ್ದವು. ಅವುಗಳಲ್ಲೊಂದರ ಹಿಂದೆ ಕೂತು ಬರೆಯುತ್ತಿರುವ ಪ್ರಾಪ್ತಿಗೆ ಇನ್ನೂ ಏನೂ ಗೊತ್ತಿಲ್ಲ. ಅವಳಿಗೆ ಯಾವ ಬಾಯಲ್ಲಿ ಹೇಳುವುದು? ಇನ್ನು ಕಳೆದುಕೊಳ್ಳಲು ಅವನ ಹತ್ತಿರ ಏನೂ ಉಳಿದಿರಲಿಲ್ಲ.

ಗೇಟಿಗೆ ಬೀಗ ಹಾಕಿದ. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದ. ಯೂನಿಫಾರ್ಮಿನ ಅಂಗಿ ಬಿಚ್ಚಿ, ಗೇಟಿನ ಮುಂದೆ ಅಡ್ಡಲಾಗಿ ಡಾಮರಿನ ಮೇಲೆ ಹಾಸಿ, ಮಲಗಿದ.

ಒಳಗಿನಿಂದ ಮೇಡಮ್ಮನ ಕಾರು ಬಂದು ಹಾರ್ನ್ ಹಾಕಿತು. ಎದ್ದು ಓಡಲು ಕಾಲುಗಳು ತಾವಾಗಿ ಮಡಚಿಕೊಂಡವು. ನೋಣಯ್ಯ ಅವನ್ನು ಮತ್ತೆ ಚಾಚಿದ. ಇನ್ನೊಮ್ಮೆ ಹಾರ್ನ್, ಉದ್ದಕ್ಕೆ. ದೇವಿಪ್ರಸಾದ್ ಬೈಯುತ್ತ ಓಡಿಬರುವುದು ಕೇಳಿಸಿತು. ಹಿಂದಿನ ಸೀಟಿನ ಗಾಜು ಇಳಿಯಿತು.

"ಬರ್ಲಿ, ಹೋಗ್ಲಿ, ಮೇಡಮ್ಮ," ಎಂದ ನೋಣಯ್ಯ ಕಣ್ಣು ಮುಚ್ಚಿಕೊಂಡೇ. "ಈಗ ಕಲಿತೆ."

ಹಾರ್ನ್ ನಿಲ್ಲಲಿಲ್ಲ. ಆ ಸದ್ದಿಗೆ ಮೇಲಿನ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಅಷ್ಟರಲ್ಲಿ ನೋಣಯ್ಯ ಗೊರಕೆ ಹೊಡೆಯುತ್ತಿದ್ದ.