ಹಸಿರು ಚುಕ್ಕೆ

“ಏಯ್ ನಾಯೇ, ಕಾದು ಕೇಕ್ಕಲಿಯಾ, ಕಿವಿ ಕೇಳ್ಸಲ್ವಾ? ಪೋನ್ ಆಫ್ ಮಾಡು ಅಂದ್ನಲ್ಲ! ನಿಂದೂ, ನಿನ್ ಗಂಡಂದೂ!”

ಮೇಸ್ತ್ರಿ ಸೆಲ್ವಕುಮಾರ್ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಕೂಗಿದ. ಮುನಿವೆಂಕಟಮ್ಮ ಫೋನನ್ನು ಕೈಯಲ್ಲೇ ಹಿಡಿದು ನಿಂತಳು. ಇಷ್ಟು ದಿನ ಇದೇ ಬಾಯಿ ಫೋನ್ ಆನ್ ಇರಬೇಕೆಂದು ಬೊಗಳುತ್ತಿತ್ತು. ಕಸ ಗುಡಿಸುವವರಿಗೆಲ್ಲ ಗುತ್ತಿಗೆದಾರ ಒಂದೊಂದು ಫೋನು ಕೊಟ್ಟಿದ್ದ. ಯಾರು ಎಲ್ಲಿದ್ದಾರೆಂದು ಆಫೀಸಿನ ಕಂಪ್ಯೂಟರಿಗೆ ತೋರಿಸುವ ಆ್ಯಪ್ ಅದರಲ್ಲಿತ್ತು; ಓಡುತ್ತಿರುವಾಗ ಸ್ಕ್ರೀನಿನಲ್ಲಿ ಹಸಿರು ಚುಕ್ಕೆ ಮಿಟುಕುತ್ತಿತ್ತು. ಸ್ಕ್ರೀನ್ ಆರಿದರೆ ಆ್ಯಪ್ ನಿಲ್ಲುತ್ತಿತ್ತು, ಆ್ಯಪ್ ನಿಂತರೆ ಅವತ್ತು ಗೈರುಹಾಜರಿ. ಹೆಂಗಸರು ಫೋನನ್ನು ಕೊರಳಿಗೆ ಕಟ್ಟಿಕೊಂಡು, ಚರಂಡಿ ಬಾಚುತ್ತಲೇ ಆಗಾಗ ಅದನ್ನು ಮುಟ್ಟುತ್ತ, ಗಾಳಿಗಿಟ್ಟ ದೀಪದಂತೆ ಕಾಯ್ದರು. ಕೊನೆಗೆ ಜೊತೆಗಾರ್ತಿ ಕಲೈವಾಣಿ ಬ್ಯಾಟರಿ ಸೆಟ್ಟಿಂಗಿನಲ್ಲಿ ಏನೋ ಒತ್ತಿ, ಸ್ಕ್ರೀನ್ ಆರಿದರೂ ಆ್ಯಪ್ ಓಡುವ ಹಾಗೆ ಎಲ್ಲರ ಫೋನಿಗೂ ಮಾಡಿಕೊಟ್ಟಳು. ಸೆಲ್ವಕುಮಾರನಿಗೆ ಯಾರೂ ಹೇಳಲಿಲ್ಲ. ಅವನೇನು ಕೇಳಿದ್ದನೇ?

ಇವತ್ತು ಮಾರಂಡಹಳ್ಳಿ ರಸ್ತೆಯ ಕಲ್ಯಾಣ ಮಂಟಪದ ಮಲದ ಗುಂಡಿ ಕಟ್ಟಿಕೊಂಡಿತ್ತು. ಒಳಗೆ ನಿಶ್ಚಿತಾರ್ಥದ ಊಟ. ಹೀರುವ ಲಾರಿ ಬರುವ ತನಕ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಗುಂಡಿಗೆ ಮನುಷ್ಯನನ್ನು ಇಳಿಸಬಾರದೆಂದು ಕಾನೂನಿದೆ. ಇಳಿಯಲು ಅವಳ ಗಂಡನೂ ಇದ್ದ.

“ಯಾಕ್ ಸಾರ್ ಆಫು?”

“ಇದು ಆಪೀಸ್ ಕೆಲ್ಸ ಅಲ್ಲ, ಪ್ರೈವೇಟು. ನೀವಿಬ್ರೂ ಇವತ್ತು ಇಲ್ಲಿಗೆ ಬಂದೇ ಇಲ್ಲ. ಪುರಿಂಜುದಾ?”

ಅರ್ಥವಾಯಿತು. ಪೆನ್ನಾಗರಂ ಕಡೆ ಇವರಂತೆಯೇ ಕಸ ಗುಡಿಸುವ ರಾಜಗೋಪಾಲ್ ಇಂಥದೇ ಗುಂಡಿಗಿಳಿದು ಹೆಣವಾದಾಗ, ಅವನು ಅವತ್ತು ಕೆಲಸಕ್ಕೇ ಬಂದಿರಲಿಲ್ಲ, ಕುಡಿದು ಬಿದ್ದ ಎಂದು ಗುತ್ತಿಗೆದಾರನ ಕಡೆಯವರು ಹೇಳಿದ್ದರು. ಅವನ ಫೋನೂ ಆಫ್ ಆಗಿತ್ತು.

“ಬ್ಯಾಡ, ಓಗನ ಬಾ,” ಎಂದು ಗಂಡನ ತೋಳು ಹಿಡಿದಳು.

“ಓಗಿ? ನಾಳಿಂದ ಇಬ್ರೂ ಮನೇಲಿ ಕುಂತ್ಕಳನಾ? ಅಗ್ಗ ಬಿಗಿಯಾಗಿ ಇಡ್ಕ ಲೇ.” ಅವನು ಸೊಂಟಕ್ಕೆ ಹಗ್ಗ ಬಿಗಿದು, ಫೋನನ್ನು ಅವಳ ಕೈಗಿಟ್ಟ.

ಅವಳು ಎರಡೂ ಫೋನುಗಳ ಪಕ್ಕದ ಬಟನ್ ಒತ್ತಿದಳು. ಸ್ಕ್ರೀನ್ ಆರಿತು.

“ಆಫ್ ಆಯ್ತು ಸಾರ್.”

ಕಪ್ಪು ಸ್ಕ್ರೀನ್ ನೋಡಿ ಸೆಲ್ವಕುಮಾರ್ ತಲೆಯಾಡಿಸಿದ. ಅವಳು ಎರಡನ್ನೂ ಕುಪ್ಪಸದೊಳಗೆ ತುರುಕಿದಳು. ಆ್ಯಪ್ ಓಡುತ್ತಲೇ ಇತ್ತು. ಎಲ್ಲಿ ಸದ್ದು ಮಾಡಿ ಹಿಡಿದುಕೊಟ್ಟುಬಿಡುತ್ತದೋ ಎಂದು ಸೆರಗನ್ನು ಅದರ ಮೇಲೆ ಬಿಗಿಯಾಗಿ ಎಳೆದುಕೊಂಡಳು.

ಗಂಡನ ತಲೆ ಕತ್ತಲಲ್ಲಿ ಮರೆಯಾಯಿತು. ಅವಳು ಮಗಳ ಹೆಸರು ಹಿಡಿದು ಅವನನ್ನು ಕೂಗಿದಳು.

“ಜಯಪ್ರಿಯಾ ಅಪ್ಪಾ!”

“ಊಂ,” ಎಂಬ ದನಿ ಕೆಳಗಿನಿಂದ ಬಂತು.

“ಬಾಯಿ ಮುಚ್ಚೇ ಮುಂಡೆ! ಒಳಗೆ ಊಟ ಮಾಡ್ತಾವ್ರೆ.” ಸೆಲ್ವಕುಮಾರ್ ಗದರಿದ.

ಆ ಬೈಗುಳ ಅವಳಿಗೆ ಹೊಸದಲ್ಲ. ಇವತ್ತು ಮಾತ್ರ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಸ್ವಲ್ಪ ಹೊತ್ತಿಗೆ ಹಗ್ಗ ಒಮ್ಮೆಲೇ ಭಾರವಾಯಿತು.

“ಜಯಪ್ರಿಯಾ ಅಪ್ಪಾ! ಜಯಪ್ರಿಯಾ ಅಪ್ಪಾ!”

ಹಗ್ಗ ಅಲುಗಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ಅತ್ತೆ ಹೇಳಿದ್ದಳು. ಮದುವೆಯಾದಾಗಿನಿಂದ ಆ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ.

“ಅಣ್ಣಯ್ಯಪ್ಪಾ! ಲೇ ಅಣ್ಣಯ್ಯಪ್ಪಾ!”

ಮಂಟಪದ ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಂಡು ಮೂಗು ಮುಚ್ಚಿಕೊಂಡವು. ಸೆಲ್ವಕುಮಾರ್ ತನ್ನ ಬೈಕಿನ ಕಡೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದ. ಅವಳು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಗಂಡನ ಫೋನು ಹೊರಗೆಳೆದು ಸ್ಕ್ರೀನ್ ಹೊತ್ತಿಸಿದಳು. ಹಸಿರು ಚುಕ್ಕೆ ಮಿಟುಕುತ್ತಿತ್ತು.

“ಆಫ್ ಆಗಿಲ್ಲ ಕಣೋ! ನಾವು ಇಲ್ಲೇ ಇರೋದು ಆಪೀಸ್ನಾಗೆ ಕಾಣ್ತಾ ಐತೆ!”

“ಕೊಡೇ ಇಲ್ಲಿ!” ಅವನು ನುಗ್ಗಿ ಬಂದ. ಅವಳು ಫೋನನ್ನು ಮತ್ತೆ ಕುಪ್ಪಸಕ್ಕೆ ಹಾಕಿಕೊಂಡಳು. ಕೂಲಿಯನ್ನೂ ನೆಲದ ಮೇಲಿಟ್ಟೇ ಕೊಡುತ್ತಿದ್ದ ಅವನ ಕೈ ಅರ್ಧದಲ್ಲೇ ನಿಂತಿತು.

“ಮುಟ್ಟು ಬಾ! ಎಲ್ರೂ ನೋಡ್ತಾವ್ರೆ. ಇಲ್ಲಾಂದ್ರೆ ಅಗ್ಗ ಇಡಿಯೋ, ಸೆಲ್ವಕುಮಾರಾ!”

ಅವನು ಕಿಟಕಿಗಳ ಕಡೆ ನೋಡಿದ. ಫೋನಿದ್ದ ಅವಳ ಎದೆಯ ಕಡೆ ನೋಡಿದ. ಕರ್ಚೀಫು ಕೆಳಗೆ ಬಿತ್ತು. ಹಗ್ಗಕ್ಕೆ ಕೈ ಹಾಕಿದ.

ಇಬ್ಬರೂ ಎಳೆದರು. ಗುಂಡಿಯೊಳಗಿಂದ ಇನ್ನೂ ಸದ್ದು ಬಂದಿರಲಿಲ್ಲ.