ಸದಾಶಿವಪ್ಪನ ಸರ್ಕಾರಿ ಗುಂಡಿ

ಸುಗ್ಗಿ ಮುಗಿದ ಮೇಲೆ ತಾಳಗುಂದದ ಸದಾಶಿವಪ್ಪನ ಗದ್ದೆಯಲ್ಲಿ ಮಾಳಮ್ಮನ ಕುರಿಮಂದೆ ನಿಲ್ಲುವುದು ಅವರಿಬ್ಬರ ಅಪ್ಪಂದಿರ ಕಾಲದಿಂದ ನಡೆದುಬಂದ ಪದ್ಧತಿ. ರಾತ್ರಿ ಕುರಿ ಹಿಕ್ಕೆ ಹಾಕಬೇಕು, ಗದ್ದೆ ಕೊಬ್ಬಬೇಕು, ಮಾಳಮ್ಮನ ಮನೆಗೆ ಭತ್ತ ಹೋಗಬೇಕು. ಮಳೆಗಾಲ ಕಳೆಯುವವರೆಗೆ ಅವಳ ಒಲೆ ಉರಿಯುತ್ತಿದ್ದುದೇ ಆ ಭತ್ತದಿಂದ.

ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿಯಲ್ಲಿ ಸದಾಶಿವಪ್ಪ ಕೈ ಎತ್ತಿಬಿಟ್ಟ. "ಈ ಸಲ ನಿನ್ನ ಕುರಿ ಬ್ಯಾಡ ಕಣವ್ವಾ. ಗೊಬ್ಬರದ ಗುಂಡಿ ತೋಡಿ ತುಂಬಿದ್ರೆ ಸರ್ಕಾರದೋರೇ ರೊಕ್ಕ ಕೊಡ್ತಾರೆ. ನಿಂಗ್ಯಾಕೆ ಭತ್ತ ಅಳೀಲಿ?"

ಮಾಳಮ್ಮ ಮಂದೆಯನ್ನು ಹಟ್ಟಿಗೆ ತಿರುಗಿಸಿದಳು.

ಆ ಮಹಾರಾಯ ಗುಂಡಿಯನ್ನೇನೋ ತೋಡಿಸಿದ, ತುಂಬುವುದಕ್ಕೆ ಮೈ ಬಗ್ಗಲಿಲ್ಲ. ಬಾಯಿಗೆ ಬಿದಿರಿನ ತಟ್ಟಿ ಮುಚ್ಚಿ, ಮೇಲೆ ಹುಲ್ಲು ಹರಡಿ ಸಗಣಿ ಬಳಿದ. ನೋಡಿದವರಿಗೆ ತುಂಬಿದ ಗುಂಡಿ. ಒಳಗಿದ್ದದ್ದು ಎರಡು ಕಪ್ಪೆ.

ನಾಳೆ ಶಿಕಾರಿಪುರದಿಂದ ಸಾಹೇಬರು ತಪಾಸಣೆಗೆ ಬರುತ್ತಾರೆಂದು ತಿಳಿದದ್ದೇ ತಡ, ಸದಾಶಿವಪ್ಪ ಸಂಜೆ ಮಾಳಮ್ಮನ ಹಟ್ಟಿಗೇ ಬಂದ. "ನಾಕು ಪುಟ್ಟಿ ಹಿಕ್ಕೆ ಕೊಡವ್ವಾ, ಮ್ಯಾಲೆ ಉದುರಿಸ್ತೀನಿ. ವಾಸನೆನಾದ್ರೂ ಬರ್ಲಿ."

"ಪುಟ್ಟಿ ಯಾಕ್ರೀ ಯಜಮಾನ್ರೆ? ಮಂದೇನೇ ಗುಂಡಿ ಸುತ್ತ ನಿಲ್ಲಿಸ್ತೀನಿ ಬಿಡ್ರಿ."

ಬಿಟ್ಟಿ ಸಿಕ್ಕಿತೆಂದು ಹಿಗ್ಗಿ ಹೋದ. ಗದ್ದೆಗಿಳಿದ ಮಂದೆ ಒಡತಿಯ ಮಡಿಲಿಗೆ ಭತ್ತ ಬೀಳದೆ ಏಳುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಆತುರಗಾರನಿಗೆ ಅದೇ ಮರೆತಿತ್ತು.

ಬೆಳಿಗ್ಗೆ ಜೀಪು ಬಂತು. ಗುಂಡಿಯ ಸುತ್ತ ಕುರಿಗಳು ಬೇಲಿ ಹಾಕಿದಂತೆ ಮಲಗಿದ್ದವು. ಸಾಹೇಬರಿಗೆ ಕಾಲಿಡಲು ಜಾಗವಿಲ್ಲ.

"ಎಬ್ಬಿಸೇ!" ಎಂದ ಸದಾಶಿವಪ್ಪ.

ಮಾಳಮ್ಮ ಮಡಿಲು ಒಡ್ಡಿದಳು. "ಭತ್ತ ಬೀಳದೆ ಮಂದೆ ಏಳಂಗಿಲ್ರೀ, ಅದು ಪದ್ಧತಿ."

"ಪದ್ಧತಿ ಅಂದ್ರೆ ಕೊಟ್ಬಿಡ್ರೀ," ಸಾಹೇಬರು ಗೊಣಗಿದರು, "ನಾನು ಸೊರಬಕ್ಕೆ ಹೋಗ್ಬೇಕು."

ಸದಾಶಿವಪ್ಪ ಒಂದು ಮೊರ ಭತ್ತ ತರಿಸಹೋದ. ಮಾಳಮ್ಮ ಅವನ ಕಿವಿಯ ಹತ್ತಿರ ಬಂದಳು. "ಮೊರ ಸಾಲದ್ರೀ, ಇಡೀ ಸುಗ್ಗೀದು ಕೊಡ್ರಿ. ನಮ್ಮ ಟಗರು ಭಾಳ ತುಂಟ. ತಟ್ಟಿ ಮ್ಯಾಲೆ ಹತ್ತಿದ್ರೆ ಏನ್ ಗತಿ?"

ಸದಾಶಿವಪ್ಪನ ಹೆಂಡತಿ ವರದಮ್ಮ ಮನೆಯಿಂದ ಚೀಲಗಳನ್ನೇ ಹೊರಿಸಿಕೊಂಡು ಬಂದಳು. ಮಾಳಮ್ಮ "ಹೋಯ್" ಎಂದಳು, ಮಂದೆ ಎದ್ದಿತು.

ಸಾಹೇಬರು ಅಂಚಿನಲ್ಲಿ ನಿಂತು ಮೂಗಿನ ತುಂಬ ವಾಸನೆ ಎಳೆದುಕೊಂಡರು. "ಭೇಷ್! ತಾಲ್ಲೂಕಿಗೇ ಮಾದರಿ ಗುಂಡಿ ಇದು. ಮುಂದಿನ ವಾರ ದೊಡ್ಡ ಸಾಹೇಬ್ರನ್ನ ಕರ್ಕೊಂಡು ಬರ್ತೀನಿ. ಅವರ ಕಣ್ಣೆದುರಿಗೇ ಗೊಬ್ಬರ ತೆಗೆದು ಗದ್ದೆಗೆ ಹಾಕ್ಬೇಕು. ದುಡ್ಡು ಆಮೇಲೆ."

ಜೀಪು ಮರೆಯಾಗುವ ಮೊದಲೇ ಸದಾಶಿವಪ್ಪ ಅವಳ ಹಿಂದೆ ಓಡಿದ. "ಮಂದೆ ಒಯ್ಯಬ್ಯಾಡ ಮಾರಾಯ್ತಿ! ಗುಂಡಿ ತುಂಬ್ಬೇಕು!"

"ಎಲ್ಲಿಗೂ ಒಯ್ಯಲ್ಲ. ಸುಗ್ಗೀದೆಲ್ಲ ಕೊಟ್ಟೀರಲ್ಲ, ನಿಮ್ಮ ಗದ್ದೇಲೇ ಇರ್ತೀವಿ. ಆದ್ರೆ ನಮ್ಮ ಕುರಿ ಹಾಕೋದು ಗದ್ದೇಲಿ. ಗುಂಡಿಗೆ ಹಾಕೋದು ನೀವು."

ಅಂದಿನಿಂದ ಗಂಡ ಹೆಂಡತಿ ಬೆಳಗಾದರೆ ಪೊರಕೆ ಹಿಡಿದು ಗದ್ದೆ ಗುಡಿಸತೊಡಗಿದರು. ವರದಮ್ಮನಿಗೆ ಸೊಂಟ ಹಿಡಿದುಕೊಂಡಿತು. "ಗದ್ದೇದು ಗುಂಡಿಗೆ, ಗುಂಡೀದು ಗದ್ದೆಗೆ! ಅಲ್ರೀ, ಇದ್ದಲ್ಲೇ ಇದ್ದಿದ್ರೆ ಏನಾಗ್ತಿತ್ತು?"

ಗಂಡ ಇನ್ನೊಂದು ಪುಟ್ಟಿ ತುಂಬಿಸಿದ. ಬದುವಿನ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದ ಮಾಳಮ್ಮ ಕೈ ಚಾಚಿ ತೋರಿಸಿದಳು.

"ಯಜಮಾನ್ರೆ, ಆ ಮೂಲೇಲಿ ಒಂದಿಷ್ಟು ಬಿಟ್ರಿ ನೋಡ್ರಿ."